ಎಲ್ಲಾ ಮುಚ್ಚಿಟ್ಟರೂ ಯಾರೂ ಕ್ಲಿಕ್ ಮಾಡಲಿಲ್ಲ, ಯಾಕೆ? – ಆನ್‌ಲೈನ್ ಬರವಣಿಗೆಯ ಟಿಪ್ಪಣಿ

ಆನ್‌ಲೈನ್‌ಗಾಗಿ ಬರೆಯುವುದನ್ನು ಕಲಿಯಲು ಶುರು ಮಾಡಿ ಕೆಲವು ವಾರಗಳಾದವು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಓದುಗರು ಯಾರು ಅಂತ ತಿಳಿದುಕೊಳ್ಳಿ, ಕಾಗುಣಿತ ನೋಡಿಕೊಳ್ಳಿ, ಒಳ್ಳೆಯ ಚಿತ್ರ ಹಾಕಿ – ಇವೆಲ್ಲ ನಿಮಗೂ ಗೊತ್ತಿರುತ್ತದೆ, ಬಿಡಿ. ನಾನು ಎಡವಿದ್ದು ತಲೆಬರಹದಲ್ಲಿ. ಆದ್ದರಿಂದ ಈ ಟಿಪ್ಪಣಿಯ ಮುಕ್ಕಾಲು ಭಾಗ ಅದೇ ಇದೆ.

ಓದುವುದಿಲ್ಲ, ಕಣ್ಣಾಡಿಸುತ್ತಾರೆ

ಜನ ಜಾಲತಾಣಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 1997ರಲ್ಲಿ ತಮ್ಮ ಪರೀಕ್ಷೆಗಳ ಫಲಿತಾಂಶ ಬರೆದರು. ಹೊಸ ಪುಟ ತೆರೆದಾಗ 79% ಜನ ಸುಮ್ನೆ ಕಣ್ಣಾಡಿಸಿದ್ದರು. ಪದ ಪದವಾಗಿ ಓದಿದವರು 16% ಮಾತ್ರ. 2006ರಲ್ಲಿ ಅವರ ತಂಡ 232 ಜನರ ಕಣ್ಣಿನ ಚಲನೆ ಗಮನಿಸಿತು. ಮೇಲೆ ಒಂದು ಉದ್ದ ಅಡ್ಡಗೆರೆ, ಸ್ವಲ್ಪ ಕೆಳಗೆ ಇನ್ನೊಂದು ಗಿಡ್ಡ ಅಡ್ಡಗೆರೆ, ಆಮೇಲೆ ಎಡ ಅಂಚಿನಲ್ಲೇ ಸೀದಾ ಕೆಳಕ್ಕೆ. ಇಂಗ್ಲಿಷಿನ ಎಫ್ ಅಕ್ಷರದ ಹಾಗೆ. ನಾನು ಓದುವುದೂ ಹೀಗೇ. ಬರೆಯುವಾಗ ಮಾತ್ರ ಎಲ್ಲರೂ ನನ್ನ ಪ್ರತಿ ಸಾಲನ್ನೂ ಓದುತ್ತಾರೆ ಅಂದುಕೊಂಡಿದ್ದೆ!

ತಲೆಬರಹ: ಎಷ್ಟು ಹೇಳಬೇಕು, ಎಷ್ಟು ಬಿಡಬೇಕು

ಕುತೂಹಲದ ಬಗ್ಗೆ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಒಂದು ವಿವರಣೆ ಕೊಟ್ಟರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಾದ್ದಕ್ಕೂ ನಡುವೆ ಒಂದು ಸಂದು ಇರುತ್ತದೆ. ಆ ಸಂದು ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ.

ಇದನ್ನು ಓದಿ ನಾನು ಏನು ಅರ್ಥ ಮಾಡಿಕೊಂಡೆ? "ಓಹೋ, ಮುಚ್ಚಿಡಬೇಕು." ಕುಂಡದ ಗಿಡಗಳ ಬಗ್ಗೆ ಒಂದು ಬರಹ ಇತ್ತು. ಅದಕ್ಕೆ ಹೀಗೆ ತಲೆಬರಹ ಕೊಟ್ಟೆ:

"ಈ ಒಂದು ತಪ್ಪನ್ನು ನೀವೂ ಮಾಡುತ್ತಿದ್ದೀರಾ?"

ಯಾರೂ ಈ ಕಡೆ ತಿರುಗಲಿಲ್ಲ. ಬೇಜಾರಾಗಿ ಇನ್ನೊಂದು ತುದಿಗೆ ಹೋದೆ:

"ನೀರು ಹೆಚ್ಚಾದರೆ ಕುಂಡದ ಗಿಡದ ಬೇರು ಕೊಳೆಯುತ್ತದೆ"

ಇದೂ ಹೋಗಲಿಲ್ಲ. ತಲೆಬರಹದಲ್ಲೇ ಎಲ್ಲಾ ತಿಳಿದುಹೋಯಿತು, ಒಳಗೆ ಬರುವ ಕೆಲಸವೇ ಇಲ್ಲ.

ಇಲ್ಲಿ ನನಗೆ ಅರ್ಥವಾಗದೆ ಉಳಿದಿದ್ದು ಒಂದೇ ಪದ: ಸಂದು. ಸಂದು ಅಂದರೆ ಎರಡು ಗೋಡೆಗಳ ನಡುವಿನ ಜಾಗ. ಗೋಡೆಗಳೇ ಇಲ್ಲದಿದ್ದರೆ ಅದು ಸಂದಲ್ಲ, ಬಯಲು. ನನ್ನ ಮೊದಲ ತಲೆಬರಹ ಬಯಲು. ಯಾವ ತಪ್ಪು, ಯಾವುದರ ಬಗ್ಗೆ, ಯಾರಿಗೆ – ಏನೂ ಇಲ್ಲ. ಓದುಗರಿಗೆ ಏನು ಗೊತ್ತಿಲ್ಲ ಅನ್ನುವುದೂ ಅದರಲ್ಲಿ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ಬರೀ ಗೋಡೆ. ಅಂದರೆ ಕುತೂಹಲ ಹುಟ್ಟಬೇಕಾದರೆ ಮೊದಲು ಸ್ವಲ್ಪ ಹೇಳಬೇಕು. ಮುಚ್ಚಿಡುವುದು ಆಮೇಲಿನ ಮಾತು. ಇಷ್ಟು ತಲೆಗೆ ಹೋಗಲು ನನಗೆ ಎರಡು ವಾರ ಬೇಕಾಯಿತು.

ಮೂರನೇ ಸಲ ಬರೆದದ್ದು:

"ದಿನಾ ನೀರು ಹಾಕಿದರೂ ಕುಂಡದ ಗಿಡ ಬಾಡುವುದು ಯಾಕೆ?"

ಬಿಡಿಸಿ ನೋಡಿ. "ದಿನಾ ನೀರು ಹಾಕಿದೆ" – ಇದು ಓದುಗರಿಗೆ ಗೊತ್ತು, ಅವರೇ ಮಾಡಿರುವುದು. "ಗಿಡ ಬಾಡಿದೆ" – ಇದೂ ಗೊತ್ತು, ಕಣ್ಣೆದುರೇ ಇದೆ. ಎರಡೂ ಗೋಡೆ ಸಿಕ್ಕವು. ಒಂದಕ್ಕೊಂದು ಹೊಂದುತ್ತಿಲ್ಲ ಅನ್ನುವುದೇ ಸಂದು.

ನನ್ನ ಮೆಚ್ಚಿನ ಕೀಲಿ: "ರೂ"

ಮೇಲಿನ ಸಾಲಿನಲ್ಲಿ ಕೆಲಸ ಮಾಡುತ್ತಿರುವುದು "ಹಾಕಿದರೂ" ಪದದ ಆ ಪುಟ್ಟ "ರೂ". ಹೀಗಾಗಬೇಕಿತ್ತು, ಹಾಗಾಯಿತು ಅನ್ನುವ ಇಡೀ ಮಾತನ್ನು ನಮ್ಮ ಭಾಷೆ ಒಂದೇ ಅಕ್ಷರದಲ್ಲಿ ಹೇಳಿಬಿಡುತ್ತದೆ. ಈಗ ಏನೇ ಬರೆದರೂ (ನೋಡಿ, ಬಂತು) ಮೊದಲು "—ರೂ — ಯಾಕೆ?" ಅಂತ ಖಾಲಿ ಬಿಟ್ಟು ತುಂಬಿ ನೋಡುತ್ತೇನೆ.

"ಎಂಟು ಗಂಟೆ ಮಲಗಿದರೂ ಬೆಳಗ್ಗೆ ಸುಸ್ತು ಯಾಕೆ?"
"ಫೋಟೋ ಅಳಿಸಿದರೂ ಫೋನಿನಲ್ಲಿ ಜಾಗ ಖಾಲಿಯಾಗುವುದಿಲ್ಲ ಯಾಕೆ?"

ತುಂಬಲು ಆಗದಿದ್ದರೆ ಅದೂ ಒಂದು ಸುಳಿವು. ನನ್ನ ಬರಹದಲ್ಲಿ ಓದುಗರ ಸ್ವಂತ ಅನುಭವ ಯಾವುದೂ ಇಲ್ಲ, ಬರೀ ಮಾಹಿತಿ ಇದೆ ಅಂತ ಅರ್ಥ. ಆಗ ತಿದ್ದಬೇಕಾದ್ದು ತಲೆಬರಹವನ್ನಲ್ಲ, ಬರಹವನ್ನು.

ಒಂದು ಎಚ್ಚರಿಕೆ. ಬಲವಂತಕ್ಕೆ ತುರುಕಿದರೆ ನಗೆಪಾಟಲಾಗುತ್ತದೆ. "ವ್ಯಾಯಾಮ ಮಾಡಿದರೂ ಬೆವರು ಬರುವುದು ಯಾಕೆ?" – ಇಲ್ಲಿ ವಿರೋಧವೇ ಇಲ್ಲ, ಬರಬೇಕಾದ್ದೇ ಬಂದಿದೆ. ಸಾಲಾಗಿ ಐದು ಬರಹಕ್ಕೂ ಇದೇ ಅಚ್ಚು ಒತ್ತಿದರೂ ಚೆನ್ನಾಗಿರುವುದಿಲ್ಲ. ನನ್ನ ಕರಡುಗಳ ಪಟ್ಟಿ ಸದ್ಯ ಹಾಗೇ ಕಾಣುತ್ತಿದೆ.

ಇದಕ್ಕೂ ಕ್ಲಿಕ್‌ಬೈಟ್‌ಗೂ (ಆಸೆ ಹುಟ್ಟಿಸಿ ಒಳಗೆ ಕರೆದು ಏನೂ ಕೊಡದ ತಲೆಬರಹ) ಏನು ವ್ಯತ್ಯಾಸ? ಕೇಳಿದ ಪ್ರಶ್ನೆಗೆ ಒಳಗೆ ಉತ್ತರ ಇರಬೇಕು, ಬೇಗ ಸಿಗಬೇಕು. ಅಷ್ಟೇ. ವೇದಿಕೆಗಳೂ ಇದನ್ನು ಅಳೆಯುತ್ತವೆ. ಲಿಂಕ್ ಒತ್ತಿದವರು ಅಲ್ಲಿ ಎಷ್ಟು ಹೊತ್ತು ಇದ್ದರು, ತಕ್ಷಣ ವಾಪಸ್ ಬಂದರಾ ಅಂತ ನೋಡುವುದಾಗಿ ಫೇಸ್‌ಬುಕ್ 2014ರಲ್ಲೇ ಹೇಳಿತ್ತು. ಯೂಟ್ಯೂಬ್ 2012ರಲ್ಲಿ ವೀಕ್ಷಣೆಯ ಸಂಖ್ಯೆಗಿಂತ ನೋಡಿದ ಸಮಯಕ್ಕೆ ಜಾಸ್ತಿ ಬೆಲೆ ಕೊಡಲು ಶುರು ಮಾಡಿತು.

ಮೊದಲ ಪ್ಯಾರಾ

ಶಾಲೆಯ ಪ್ರಬಂಧ ನೆನಪಿದೆ ಅಲ್ವಾ? ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಆ ಪೀಠಿಕೆ ನನ್ನ ಕೈಬಿಡುತ್ತಲೇ ಇಲ್ಲ. "ಇಂದಿನ ಆಧುನಿಕ ಯುಗದಲ್ಲಿ ಗಿಡಗಳ ಮಹತ್ವ..." ಅಂತಲೇ ಕೈ ಓಡುತ್ತದೆ. ಈಗ ಬರೆದು ಮುಗಿಸಿದ ಮೇಲೆ ಮೊದಲ ಪ್ಯಾರಾ ಅಳಿಸಿ ನೋಡುತ್ತೇನೆ. ಹೆಚ್ಚಿನ ಸಲ ಬರಹಕ್ಕೆ ಏನೂ ಕಮ್ಮಿಯಾಗುವುದಿಲ್ಲ.

ಹಾಗಾದರೆ ಆ ಜಾಗದಲ್ಲಿ ಏನು? ಉತ್ತರ. ಇಲ್ಲಿ ಮತ್ತೆ ತಡವರಿಸಿದೆ. ಉತ್ತರ ಮೊದಲೇ ಕೊಟ್ಟರೆ ಮುಂದೆ ಯಾಕೆ ಓದುತ್ತಾರೆ? ಬರೆದು ನೋಡಿದ ಮೇಲೆ ತಿಳಿಯಿತು. "ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕು. ಅಲ್ಲೆಲ್ಲ ನೀರೇ ತುಂಬಿದರೆ ಬೇರಿಗೆ ಆಮ್ಲಜನಕ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಅದಕ್ಕೇ ಒದ್ದೆ ಮಣ್ಣಿನಲ್ಲೂ ಗಿಡ ಬಾಡುತ್ತದೆ." ಇದನ್ನು ಓದಿದ ಕೂಡಲೇ ಯಾರಾದರೂ ಕೇಳುವುದು: ಹಾಗಾದರೆ ನೀರು ಯಾವಾಗ ಹಾಕಬೇಕು? ಕೊಳೆತ ಬೇರು ಕತ್ತರಿಸಿದರೆ ಗಿಡ ಉಳಿಯುತ್ತದಾ? ಉತ್ತರ ನಿಜವಾದದ್ದಾದರೆ ಅದರ ಬೆನ್ನಿಗೇ ಹೊಸ ಪ್ರಶ್ನೆ ಬರುತ್ತದೆ. ಅವೇ ನನ್ನ ಉಪಶೀರ್ಷಿಕೆಗಳಾದವು. ಪ್ರತ್ಯೇಕವಾಗಿ ಯೋಚಿಸಬೇಕಾಗಲೇ ಇಲ್ಲ.

ಉಪಶೀರ್ಷಿಕೆ, ಲಿಂಕ್

ಎಫ್ ಆಕಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಣ್ಣು ಎಡ ಅಂಚಿನಲ್ಲಿ ಇಳಿಯುವುದರಿಂದ ಮುಖ್ಯ ಪದ ಮುಂದೆ ಇರಬೇಕು. ಕನ್ನಡದಲ್ಲಿ ಪದ ಹಿಂದೆ ಮುಂದೆ ಮಾಡುವುದು ಸುಲಭ. "ಸರಿಯಾದ ಸಮಯದಲ್ಲಿ ನೀರು ಹಾಕುವ ಬಗೆ" ಅನ್ನುವ ಬದಲು "ನೀರು ಯಾವಾಗ ಹಾಕಬೇಕು". ಗೂಗಲ್ ಹುಡುಕಾಟದಲ್ಲಿ ಉದ್ದದ ತಲೆಬರಹಗಳು ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸಿ ಹೋಗುತ್ತವೆ. ಕನ್ನಡದ ಅಕ್ಷರಗಳು ಅಗಲ. ಅದಕ್ಕೂ ಮುಖ್ಯ ಪದ ಮುಂದಿದ್ದರೇ ಕ್ಷೇಮ.

"ಇಲ್ಲಿ ಕ್ಲಿಕ್ ಮಾಡಿ" ಅಂತ ಲಿಂಕ್ ಕೊಡುವುದನ್ನು ಬಿಟ್ಟೆ. ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುವವರು ಪುಟದ ಲಿಂಕ್‌ಗಳನ್ನು ಮಾತ್ರ ಪಟ್ಟಿಯಾಗಿ ಕೇಳಿಸಿಕೊಳ್ಳಬಹುದು. ಅವರಿಗೆ ನನ್ನ ಹಳೆಯ ಪುಟ ಆರು ಸಲ "ಇಲ್ಲಿ, ಇಲ್ಲಿ" ಅಂದಿರುತ್ತದೆ. ಎಲ್ಲಿ ಅಂತ ಪಾಪ ಅವರಿಗೆ ಹೇಗೆ ಗೊತ್ತಾಗಬೇಕು? ಈಗ "ಬೇರು ಕೊಳೆತ ಗಿಡವನ್ನು ಉಳಿಸುವುದು" ಅಂತ ಪೂರ್ತಿ ಬರೆದು ಅದಕ್ಕೇ ಲಿಂಕ್ ಹಾಕುತ್ತೇನೆ.