ನೋವು ಬೇರೆ, ಕೊರೆತ ಬೇರೆ: ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಪೂರಕ ಚಿಕಿತ್ಸೆಗಳು

ಬೆಳಿಗ್ಗೆ ಆರಕ್ಕೆ ನಮ್ಮಮ್ಮನಿಗೆ ಹಾಲಿನ ಪ್ಯಾಕೆಟ್ ಕತ್ತರಿಸಲು ಆಗುವುದಿಲ್ಲ. ಕತ್ತರಿಯೊಳಗೆ ಬೆರಳು ಹೋಗುತ್ತದೆ, ಆದರೆ ಮಡಚುವುದಿಲ್ಲ. ಒಂಬತ್ತಕ್ಕೆ ಅದೇ ಕೈಯಲ್ಲಿ ಚಪಾತಿ ಲಟ್ಟಿಸುತ್ತಾಳೆ. ಮಂಡಿ ಸವೆತದ ನೋವಿಗೂ ಈ ಕಾಯಿಲೆಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ವಯಸ್ಸಿನ ಸವೆತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ಓಡಾಡಿದಷ್ಟೂ ನೋವು ಜಾಸ್ತಿ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಬಿಗಿತ ಒಂದು ಗಂಟೆಗೂ ಮೀರಿ ಇರುತ್ತದೆ, ಕೈ ಆಡಿಸಿದಷ್ಟೂ ಹಗುರ.

ನಾನು ಫಿಸಿಯೋಥೆರಪಿ ವಿದ್ಯಾರ್ಥಿನಿ. ಪರೀಕ್ಷೆಗೆ ಓದುವಾಗ ಪೂರಕ ಚಿಕಿತ್ಸೆಗಳ ಭಾಗವನ್ನು ನಾವೆಲ್ಲ ಬೇಗ ಬೇಗ ದಾಟಿಬಿಡುತ್ತೇವೆ, ಅಲ್ವಾ? ಆದರೆ ಓಪಿಡಿಯಲ್ಲಿ ಕೂತರೆ ರೋಗಿಗಳು ಕೇಳುವುದೇ ಅದನ್ನು. ಅರಿಶಿನ ಕುಡೀಲಾ? ಯೋಗ ಮಾಡಲಾ? ಬದನೆಕಾಯಿ ಬಿಡಲಾ? ಅವರಿಗೆ ನೆಟ್ಟಗೆ ಉತ್ತರ ಕೊಡುವುದಕ್ಕೆ ನಾನು ಮಾಡಿಕೊಂಡ ಟಿಪ್ಪಣಿ ಇದು.

ಮೊದಲು ಎರಡು ಖಾತೆ

ಕೀಲಿನ ಒಳಗೆ ಒಂದು ತೆಳ್ಳನೆಯ ಪೊರೆ ಇದೆ. ಹೆಸರು ಸೈನೋವಿಯಂ. ಕೀಲಿಗೆ ಎಣ್ಣೆಯಂಥ ದ್ರವ ಒದಗಿಸುವುದು ಅದರ ಕೆಲಸ. ಈ ಕಾಯಿಲೆಯಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕೋಶಗಳೇ ಆ ಪೊರೆಗೆ ನುಗ್ಗುತ್ತವೆ. ಪೊರೆ ಊದಿಕೊಳ್ಳುತ್ತದೆ, ದಪ್ಪವಾಗುತ್ತದೆ, ಕೊನೆಗೆ ಪಕ್ಕದ ಮೂಳೆಯನ್ನೇ ಕೊರೆಯತೊಡಗುತ್ತದೆ. ನಮ್ಮ ಪಠ್ಯದಲ್ಲಿ ಇದು 'ಇರೋಶನ್'. ಕರಾವಳಿಯವರ ಬಾಯಲ್ಲಿ ಇದಕ್ಕೆ ಸರಿಯಾದ ಮಾತಿದೆ: ಕೊರೆತ. ಉಳ್ಳಾಲದ ಕಡಲ್ಕೊರೆತ ನೋಡಿದವರಿಗೆ ಗೊತ್ತು, ಕಡಲು ಶಾಂತವಾದ ಮಾತ್ರಕ್ಕೆ ಹೋದ ದಡ ವಾಪಸ್ ಬರುವುದಿಲ್ಲ. ಮೂಳೆಯೂ ಹಾಗೇ.

ಹಾಗಾಗಿ ಪುಸ್ತಕದಲ್ಲಿ ಎರಡು ಖಾತೆ ಬರೆದುಕೊಳ್ಳಿ. ಒಂದು ನೋವಿನ ಖಾತೆ. ಬಿಗಿತ, ಸುಸ್ತು, ನಿದ್ದೆಗೇಡು ಎಲ್ಲ ಇದರಲ್ಲೇ ಬರುತ್ತವೆ. ಇವು ರೋಗಿಗೆ ತಾನಾಗಿಯೇ ಗೊತ್ತಾಗುತ್ತವೆ. ಇನ್ನೊಂದು ಕೊರೆತದ ಖಾತೆ. ಇದು ಎಕ್ಸ್‌ರೇ, ಸ್ಕ್ಯಾನ್‌ಗಳಲ್ಲಿ ಕಾಣುತ್ತದೆ. ನೋವಿನ ಮಾತ್ರೆ ಮೊದಲ ಖಾತೆಯನ್ನು ಹಗುರ ಮಾಡುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ. ಯಾರಾದರೂ "ಈ ಕಷಾಯದಿಂದ ಗುಣ ಆಯ್ತು" ಅಂದಾಗ ನಾವು ಕೇಳಬೇಕಾದದ್ದು ಒಂದೇ. ಯಾವ ಖಾತೆಯಲ್ಲಿ?

ಕೊರೆತ ತಡೆಯುವ ಮದ್ದುಗಳಲ್ಲಿ ಇವತ್ತಿಗೂ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಇದರ ಹಿಂದೆ ಒಂದು ಕಥೆ ಇದೆ, ನನಗೆ ತುಂಬಾ ಇಷ್ಟ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿದ್ದಾಗ ಅವರ ತಂಡ 1940ರ ದಶಕದಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು. ಫೋಲಿಕ್ ಆಮ್ಲಕ್ಕೆ ಅಡ್ಡ ನಿಲ್ಲುವ ಮದ್ದುಗಳೂ ಅಲ್ಲಿಂದಲೇ ಬಂದವು. ಮೆಥೊಟ್ರೆಕ್ಸೇಟ್ ಆ ಕುಟುಂಬದ್ದು. ಮೊದಲು ಅದು ಕ್ಯಾನ್ಸರ್ ಮದ್ದು. ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1988ರಲ್ಲಿ. ಇವತ್ತು ನಮ್ಮಮ್ಮ ಭಾನುವಾರ ಮೆಥೊಟ್ರೆಕ್ಸೇಟ್ ನುಂಗುತ್ತಾಳೆ, ಮಾರನೇ ದಿನ ಅಡ್ಡಪರಿಣಾಮ ತಗ್ಗಿಸಲು ಫೋಲಿಕ್ ಆಮ್ಲ. ಒಂದೇ ಪ್ರಯೋಗಾಲಯದ ಎರಡು ಫಲ ಒಂದೇ ಡಬ್ಬಿಯಲ್ಲಿವೆ. ಒಂದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಈ ಮಾತ್ರೆ ವಾರಕ್ಕೆ ಒಮ್ಮೆ ಮಾತ್ರ. ದಿನಾ ನುಂಗಿ ಜೀವ ಕಳೆದುಕೊಂಡವರಿದ್ದಾರೆ.

ಪೂರಕ ಅಂದರೆ ಇದರ ಜೊತೆಗೆ ಸೇರುವುದು. ಇದರ ಬದಲಿಗೆ ಬಂದು ಕೂರುವುದಲ್ಲ.

ವ್ಯಾಯಾಮ

ಅಮೆರಿಕದ ಕೀಲುರೋಗ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2022ರ ಮಾರ್ಗಸೂಚಿಯಲ್ಲಿ ವ್ಯಾಯಾಮ, ಆಹಾರ, ಮಸಾಜ್, ಅಕ್ಯುಪಂಕ್ಚರ್ ಇತ್ಯಾದಿಗಳ ಬಗ್ಗೆ 28 ಶಿಫಾರಸು ಮಾಡಿತು. ಅದರಲ್ಲಿ ಗಟ್ಟಿ ಶಿಫಾರಸು ಒಂದೇ ಒಂದು: ಬಿಡದೆ ವ್ಯಾಯಾಮ ಮಾಡಿ. ಉಳಿದವೆಲ್ಲ 'ರೋಗಿಯನ್ನು ನೋಡಿ ತೀರ್ಮಾನಿಸಿ' ಅನ್ನುವ ದರ್ಜೆಯವು. ನಮ್ಮ ಓದಿಗೆ ಇದಕ್ಕಿಂತ ದೊಡ್ಡ ಜವಾಬ್ದಾರಿ ಬೇಕಾ?

ಕೈ ವ್ಯಾಯಾಮಕ್ಕೆ ಬ್ರಿಟನ್ನಿನ 'ಸಾರಾ' ಎಂಬ ಹೆಸರಿನ ಪ್ರಯೋಗವನ್ನು ಓದಲೇಬೇಕು. ಫಲಿತಾಂಶ ಬಂದದ್ದು 2015ರಲ್ಲಿ. ರೋಗಿಗಳು 490. ಎಲ್ಲರಿಗೂ ಅವರವರ ಮದ್ದು ಹಾಗೇ ಮುಂದುವರಿಯಿತು. ಅರ್ಧ ಜನಕ್ಕೆ ಬೆರಳು, ಮಣಿಕಟ್ಟು ಸಡಿಲಿಸುವ 7 ಮತ್ತು ಬಲ ಕೊಡುವ 4 ವ್ಯಾಯಾಮ ಕಲಿಸಿದರು. ಒಂದು ವರ್ಷದ ನಂತರ ಕೈಯ ಕೆಲಸದ ಅಂಕ ಮಾಮೂಲಿ ಗುಂಪಿನಲ್ಲಿ 3.6 ಏರಿತ್ತು, ವ್ಯಾಯಾಮದ ಗುಂಪಿನಲ್ಲಿ 7.9. ಇಲ್ಲಿ ನನ್ನ ಎರಡು ಖಾತೆ ಸಾಲಲಿಲ್ಲ. ಮೂರನೆಯದು ತೆರೆದೆ: ಕೆಲಸದ ಖಾತೆ. ಬಾಟಲಿ ಮುಚ್ಚಳ ತಿರುಗುತ್ತದಾ, ಸೀರೆ ಪಿನ್ ಹಾಕಲು ಆಗುತ್ತದಾ, ತಲೆ ಬಾಚಲು ಕೈ ಮೇಲೆ ಹೋಗುತ್ತದಾ? ರೋಗಿಯ ಬದುಕು ನಿಂತಿರುವುದು ಇದರ ಮೇಲೆ.

ಅಮ್ಮನಿಗೆ ನಾನು ಮಾಡಿಸುವುದು ಹೀಗೆ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಅದರಲ್ಲಿ ಹತ್ತು ನಿಮಿಷ ಎರಡೂ ಕೈ. ನೀರೊಳಗೇ ಬೆರಳುಗಳನ್ನು ಪೂರ್ತಿ ಬಿಡಿಸಬೇಕು, ಆಮೇಲೆ ಗೆಣ್ಣು ಮಾತ್ರ ಬಾಗಿಸಿ ಕೊಕ್ಕೆ ಮಾಡಬೇಕು, ಆಮೇಲೆ ಮುಷ್ಟಿ. ಹೆಬ್ಬೆರಳನ್ನು ಒಂದೊಂದೇ ಬೆರಳ ತುದಿಗೆ ತಾಗಿಸಬೇಕು. ಕಿರುಬೆರಳಿಗೆ ಮುಟ್ಟಿದ ದಿನ ಅವಳ ಮುಖ ನೋಡಬೇಕು. ಬಲದ ವ್ಯಾಯಾಮ ಆಮೇಲೆ, ಊತ ಇಳಿದ ದಿನಗಳಲ್ಲಿ. ಕೀಲು ಕೆಂಪಾಗಿ ಬಿಸಿಯಾಗಿರುವ ದಿನ ಒತ್ತಡ ಹಾಕಬೇಡಿ, ಸುಮ್ನೆ ಮೆಲ್ಲಗೆ ಆಡಿಸಿದರೆ ಸಾಕು.

ದಿನದ ಕೆಲಸದ ರೀತಿಯೂ ಚಿಕಿತ್ಸೆಯೇ. ಬಟ್ಟೆ ಹಿಂಡುವಾಗ ಬೆರಳುಗಳು ಕಿರುಬೆರಳಿನ ಕಡೆಗೆ ವಾಲುತ್ತವೆ, ಈ ಕಾಯಿಲೆ ಎಳೆಯುವುದೂ ಅದೇ ಕಡೆಗೆ. ಹಿಂಡುವ ಬದಲು ಬಟ್ಟೆಯನ್ನು ಎರಡು ಅಂಗೈ ನಡುವೆ ಒತ್ತಬಹುದು. ತರಕಾರಿ ಚೀಲವನ್ನು ಬೆರಳಿಗೆ ನೇತುಹಾಕದೆ ಮಡಚಿದ ಮೊಣಕೈಗೆ ಹಾಕಿಕೊಳ್ಳಬಹುದು.

ಯೋಗದ ಬಗ್ಗೆ ನಮ್ಮಲ್ಲಿ ಒಳ್ಳೆಯ ಕೆಲಸ ಆಗಿದೆ. ಬೆಂಗಳೂರಿನ ವಿವೇಕಾನಂದ ಕೇಂದ್ರದ ಯೋಗ ಸಂಶೋಧಕರು 2001ರಲ್ಲೇ ರುಮಟಾಯ್ಡ್ ರೋಗಿಗಳ ಕೈಹಿಡಿತ ಯೋಗದಿಂದ ಹೆಚ್ಚಿದ್ದನ್ನು ವರದಿ ಮಾಡಿದರು. ದೆಹಲಿಯ ಏಮ್ಸ್‌ನಲ್ಲಿ 72 ರೋಗಿಗಳನ್ನು 8 ವಾರ ಗಮನಿಸಿದಾಗ, ಮದ್ದಿನ ಜೊತೆ ಯೋಗ ಮಾಡಿದವರಲ್ಲಿ ಖಿನ್ನತೆಯೂ ಉರಿಯೂತದ ಗುರುತುಗಳೂ ತಗ್ಗಿದವು. ಆದರೆ ಎಲ್ಲ ಆಸನವೂ ಎಲ್ಲರಿಗೂ ಅಲ್ಲ. ಹಳೆಯ ರುಮಟಾಯ್ಡ್‌ನಲ್ಲಿ ಕುತ್ತಿಗೆಯ ಮೊದಲೆರಡು ಮೂಳೆಗಳ ಹಿಡಿತ ಸಡಿಲವಾಗಿರಬಹುದು. ಅಂಥವರು ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಮಾಡಿದರೆ ಬೆನ್ನುಹುರಿಗೇ ಅಪಾಯ. ಮಣಿಕಟ್ಟು ಊದಿದ್ದರೆ ಅಂಗೈ ಮೇಲೆ ಭಾರ ಬೀಳುವ ಆಸನವೂ ಬೇಡ. ಯೋಗ ಶಿಕ್ಷಕರಿಗೆ ಇದನ್ನು ಬಾಯಿಬಿಟ್ಟು ಹೇಳಿ ಅಂತ ರೋಗಿಗೆ ಕಲಿಸಬೇಕಾದವರು ನಾವು.

ತಟ್ಟೆಯಲ್ಲಿ ಏನಿದೆ

ಬದನೆ, ಟೊಮೇಟೊ, ಆಲೂಗಡ್ಡೆ ಬಿಟ್ಟರೆ ಕಾಯಿಲೆ ಇಳಿಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ತಿಂದಾಗ ನಿಮಗೇ ನೋವು ಹೆಚ್ಚಿದಂತೆ ಅನಿಸಿದರೆ ಬಿಡಿ, ಅಷ್ಟೇ. ತರಕಾರಿ, ಕಾಳು, ಮೀನು, ಬೀಜಗಳು ಹೆಚ್ಚಿರುವ ಮೆಡಿಟರೇನಿಯನ್ ಮಾದರಿ ಊಟಕ್ಕೆ 2022ರ ಆ ಅಮೆರಿಕನ್ ಮಾರ್ಗಸೂಚಿ ಮೆಲುದನಿಯಲ್ಲಿ ಹೂಂ ಅಂದಿದೆ.

ಮೀನೆಣ್ಣೆಯ ಲೆಕ್ಕ ಮಾತ್ರ ಕುತೂಹಲದ್ದು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹೊಸದಾಗಿ ಕಾಯಿಲೆ ಬಂದ 140 ಜನರ ಮೇಲೆ ಪ್ರಯೋಗ ನಡೆಯಿತು. ಎಲ್ಲರಿಗೂ ಮೂರು ಮದ್ದಿನ ಚಿಕಿತ್ಸೆ. ಒಂದು ಗುಂಪಿಗೆ ದಿನಕ್ಕೆ 5.5 ಗ್ರಾಂ ಒಮೆಗಾ-3, ಇನ್ನೊಂದಕ್ಕೆ ಬರೀ 0.4 ಗ್ರಾಂ. ಜಾಸ್ತಿ ಪಡೆದವರಲ್ಲಿ ಆ ಮೂರು ಮದ್ದು ಕೈಕೊಟ್ಟದ್ದು ಕಡಿಮೆ. ಈಗ ಅಂಗಡಿಯ ಡಬ್ಬಿ ತಿರುಗಿಸಿ ಹಿಂದಿನ ಚೀಟಿ ಓದಿ. 1000 ಮಿಲಿಗ್ರಾಂ ಕ್ಯಾಪ್ಸೂಲ್ ಅಂದರೆ ಸಾಮಾನ್ಯವಾಗಿ ಒಳಗಿರುವ ಒಮೆಗಾ-3 ಬಗೆಗಳಾದ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿಲಿಗ್ರಾಂ. 5.5 ಗ್ರಾಂ ಆಗಬೇಕಾದರೆ ದಿನಕ್ಕೆ 18 ಕ್ಯಾಪ್ಸೂಲ್! ದಿನಕ್ಕೆ ಒಂದು ನುಂಗಿ "ಮೀನೆಣ್ಣೆ ಕೆಲಸ ಮಾಡಲಿಲ್ಲ" ಅನ್ನುವವರಿಗೆ ಈ ಲೆಕ್ಕ ತೋರಿಸಿ. ಹಾಗಂತ ಡಾಕ್ಟರನ್ನು ಕೇಳದೆ 18 ನುಂಗುವುದೂ ಬೇಡ. ಬೂತಾಯಿ, ಬಂಗುಡೆ ತಿನ್ನುವವರಿಗೆ ಊಟದಲ್ಲೇ ಸ್ವಲ್ಪ ಸಿಗುತ್ತದೆ. ಅಗಸೆ ಬೀಜದ ಒಮೆಗಾ-3 ಬೇರೆ ಬಗೆಯದು, ದೇಹದಲ್ಲಿ ಅದರ ಚೂರು ಭಾಗ ಮಾತ್ರ ಇಪಿಎ ಆಗುತ್ತದೆ.

ಅರಿಶಿನಕ್ಕೆ ಬರೋಣ. ಪುಡಿಯಲ್ಲಿ ಅದರ ಮುಖ್ಯ ಅಂಶವಾದ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು, ಅದೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಜಗತ್ತಿನಾದ್ಯಂತ ಮಾರುವ 'ಅರಿಶಿನ ಮತ್ತು ಮೆಣಸು' ಮಾತ್ರೆಗಳ ಹಿಂದೆ ಈ ಪುಟ್ಟ ಅಧ್ಯಯನ ಇದೆ. ಆದರೆ ಅದೇ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳು ಅಮೆರಿಕದಲ್ಲಿ ವರದಿಯಾಗಿವೆ. ಹೆಚ್ಚಿನವರಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದು ನಿರ್ದಿಷ್ಟ ಎಚ್‌ಎಲ್‌ಎ ಜೀನ್ ಕಂಡುಬಂದಿತು. ಅಂದರೆ ಒಬ್ಬರಿಗೆ ಏನೂ ಮಾಡದ ಮಾತ್ರೆ ಇನ್ನೊಬ್ಬರ ಲಿವರಿಗೆ ಪೆಟ್ಟು ಕೊಡಬಹುದು. ಮೆಥೊಟ್ರೆಕ್ಸೇಟ್ ಕೂಡ ಲಿವರಿನ ಮೇಲೇ ಭಾರ ಹಾಕುವ ಮದ್ದು. ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಕಿಲ್ಲ. ಮಾತ್ರೆಯ ಅರಿಶಿನ ಮಾತ್ರ ಡಾಕ್ಟರಿಗೆ ಗೊತ್ತಿರಲಿ.

ಆಯುರ್ವೇದ

ಆಯುರ್ವೇದದಲ್ಲಿ ಇದಕ್ಕೆ ಹತ್ತಿರದ ಕಾಯಿಲೆ ಆಮವಾತ. ಮಾಧವ ನಿದಾನ ಎಂಬ ಹಳೆಯ ಆಯುರ್ವೇದ ಗ್ರಂಥದಲ್ಲಿ ಅದರ ವಿವರಣೆ ಇದೆ. ಕೊಯಮತ್ತೂರಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ ಒಂದಿದೆ, ವಿಧಾನದ ಪಾಠಕ್ಕಾಗಿಯೇ ಅದನ್ನು ಓದಿ. 43 ರೋಗಿಗಳು, 36 ವಾರ, ಮೂರು ಗುಂಪು: ಆಯುರ್ವೇದ, ಮೆಥೊಟ್ರೆಕ್ಸೇಟ್, ಎರಡೂ. ಯಾರಿಗೂ ತಮ್ಮ ಗುಂಪು ಗೊತ್ತಾಗದಂತೆ ಕಷಾಯಕ್ಕೂ ನಕಲಿ, ಮಾತ್ರೆಗೂ ನಕಲಿ. ವೈದ್ಯರು ಒಬ್ಬೊಬ್ಬ ರೋಗಿಗೂ ಅವರ ಪ್ರಕೃತಿ ನೋಡಿ ಬೇರೆ ಬೇರೆ ಔಷಧ ಬರೆದರು. ವ್ಯಕ್ತಿಗೆ ತಕ್ಕ ಚಿಕಿತ್ಸೆಯನ್ನೂ ಹೀಗೆ ಪರೀಕ್ಷೆಗೆ ಒಡ್ಡಬಹುದು ಅಂತ ಅವರು ತೋರಿಸಿಕೊಟ್ಟರು. ಮೂರೂ ಗುಂಪುಗಳಲ್ಲಿ ಫಲ ಹೆಚ್ಚುಕಡಿಮೆ ಒಂದೇ. ಭರವಸೆ ಕೊಡುವ ವಿಷಯ ಇದು. ಆದರೆ ಕೊರೆತದ ಖಾತೆಯಲ್ಲಿ ಏನಾದರೂ ಬರೆಯಬೇಕೆಂದರೆ 43 ಜನ ಸಾಲದು.

ಇನ್ನೊಂದು ಮಗ್ಗುಲೂ ಇದೆ. ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು 2008ರಲ್ಲಿ ಪರೀಕ್ಷಿಸಿದಾಗ ಐದರಲ್ಲೊಂದರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತು. 2021ರಲ್ಲಿ ಮುಂಬೈನ ಲಿವರ್ ತಜ್ಞರು ಅಮೃತಬಳ್ಳಿ ತಗೊಂಡ 6 ಜನರ ಲಿವರ್ ಊತವನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೂ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಬಳ್ಳಿಯನ್ನು, ಆ ಶಕ್ತಿ ಆಗಲೇ ದಾರಿ ತಪ್ಪಿರುವವರಿಗೆ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು ಅನ್ನುವುದು ನನ್ನ ನಿಲುವು.

ನಮ್ಮ ಚಿಕ್ಕಮ್ಮನ ಕಥೆ ಹೇಳದೆ ಮುಂದೆ ಹೋಗಲಾರೆ. ಅವರು ಯಾರೋ ಕೊಟ್ಟ ಕಂದು ಪುಡಿ ತಗೊಂಡರು. ಕಾಗದದ ಪೊಟ್ಟಣ, ಮೇಲೆ ಹೆಸರಿಲ್ಲ. ಮೂರೇ ದಿನದಲ್ಲಿ ನೋವು ಮಾಯ. ಮೆಥೊಟ್ರೆಕ್ಸೇಟ್ ಬಿಟ್ಟರು. ನಾಲ್ಕು ತಿಂಗಳಲ್ಲಿ ಕೆನ್ನೆ ಉಬ್ಬಿತು, ಸಕ್ಕರೆ ಏರಿತು, ಎಕ್ಸ್‌ರೇಯಲ್ಲಿ ಹೊಸ ಕೊರೆತ ಕಂಡಿತು. ಆ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿರಬೇಕು ಅಂದರು ಡಾಕ್ಟರ್. ಹೆಸರಿಲ್ಲದ ಮದ್ದು ದಿನಗಳಲ್ಲೇ ಜಾದೂ ಮಾಡಿದರೆ ಮೊದಲು ಇದೇ ಅನುಮಾನ ಬರಲಿ. ಸ್ಟಿರಾಯ್ಡನ್ನು ದಿಢೀರ್ ಅಂತ ನಿಲ್ಲಿಸುವುದೂ ಅಪಾಯ. ಹಾಗಾಗಿ ರೋಗಿಗೆ ಬೈಯಬೇಡಿ, ಪೊಟ್ಟಣದ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಹೋಮಿಯೋಪಥಿ ಬಗ್ಗೆ ಒಂದೇ ಮಾತು. ಇಂಗ್ಲೆಂಡಿನ ಸೌತಾಂಪ್ಟನ್ ತಂಡ 83 ರೋಗಿಗಳಲ್ಲಿ ಮದ್ದನ್ನೂ ಸಮಾಲೋಚನೆಯನ್ನೂ ಬೇರೆ ಬೇರೆಯಾಗಿ ಅಳೆಯಿತು. ಸಹಾಯ ಆದದ್ದು ಸಮಾಲೋಚನೆಯಿಂದ, ಮದ್ದಿನಿಂದಲ್ಲ. ಐದು ನಿಮಿಷದಲ್ಲಿ ರೋಗಿಯನ್ನು ಕಳಿಸುವ ನಮ್ಮ ಓಪಿಡಿಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಯಾರಿಗೆ ಯಾವುದು

ವ್ಯಕ್ತಿಗೆ ತಕ್ಕ ಚಿಕಿತ್ಸೆ ಅಂದರೆ ಜೀನ್ ಪರೀಕ್ಷೆಯೇ ಆಗಬೇಕಿಲ್ಲ. 28 ಕೀಲು ಮುಟ್ಟಿ ನೋಡಿ ಲೆಕ್ಕ ಹಾಕುವ ಡಾಸ್-28 ಅಂಕವೇ ಅದರ ಮೊದಲ ಹೆಜ್ಜೆ. 2.6ಕ್ಕಿಂತ ಕೆಳಗೆ ಬಂದರೆ ಕಾಯಿಲೆ ತಣ್ಣಗಿದೆ, 5.1 ದಾಟಿದರೆ ಜೋರಾಗಿದೆ. ಗುರಿ ಮುಟ್ಟುವವರೆಗೂ ಮದ್ದು ಬದಲಿಸುತ್ತಾ ಹೋಗುವುದು ಈಗಿನ ಪದ್ಧತಿ. ಬೀಡಿ, ಸಿಗರೇಟು ಸೇದುವವರಿಗೆ ಅದನ್ನು ಬಿಡಿಸುವುದೂ ಚಿಕಿತ್ಸೆಯ ಭಾಗ. ಮಗು ಬೇಕೆನ್ನುವ ಹೆಣ್ಣುಮಗಳಿಗೆ ಮೆಥೊಟ್ರೆಕ್ಸೇಟ್ ಮೊದಲೇ ನಿಲ್ಲಿಸಬೇಕು. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಕೊಡುವ ಮುನ್ನ ನಮ್ಮ ದೇಶದಲ್ಲಂತೂ ಅಡಗಿ ಕೂತ ಕ್ಷಯವನ್ನು ಹುಡುಕಲೇಬೇಕು, ಇಲ್ಲದಿದ್ದರೆ ಅದು ಎದ್ದು ಕೂರುತ್ತದೆ.

ಮುಂದಿನ ದಾರಿ ಕೀಲಿನ ಪೊರೆಯ ಚೂರು ತೆಗೆದು ನೋಡುವುದು. ಲಂಡನ್ ತಂಡದ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಆರ್4ಆರ್‌ಎ ಪ್ರಯೋಗದಲ್ಲಿ 164 ರೋಗಿಗಳಿದ್ದರು. ಪೊರೆಯಲ್ಲಿ ಬಿ ಕೋಶ (ರೋಗನಿರೋಧಕ ಕೋಶಗಳಲ್ಲಿ ಒಂದು ಬಗೆ) ವಿರಳವಾಗಿದ್ದರೆ ಬಿ ಕೋಶವನ್ನೇ ಹೊಡೆಯುವ ರಿಟುಕ್ಸಿಮ್ಯಾಬ್ ಯಾಕೆ ಕೊಡಬೇಕು ಅನ್ನುವುದು ಅವರ ಪ್ರಶ್ನೆ. ಅದನ್ನು ಟೊಸಿಲಿಜುಮ್ಯಾಬ್ ಎಂಬ ಬೇರೆ ಬಗೆಯ ಮದ್ದಿನ ಜೊತೆ ಹೋಲಿಸಿದರು. ಸೂಕ್ಷ್ಮದರ್ಶಕದಲ್ಲಿ ವಿಂಗಡಿಸಿದಾಗ ವ್ಯತ್ಯಾಸ ಖಚಿತವಾಗಲಿಲ್ಲ. ಜೀನ್‌ಗಳ ಚಟುವಟಿಕೆ ತೋರಿಸುವ ಆರ್‌ಎನ್‌ಎ ಓದಿ ವಿಂಗಡಿಸಿದಾಗ, ಬಿ ಕೋಶ ವಿರಳವಾಗಿದ್ದವರಲ್ಲಿ ಟೊಸಿಲಿಜುಮ್ಯಾಬ್ ಶೇ. 63, ರಿಟುಕ್ಸಿಮ್ಯಾಬ್ ಶೇ. 36 ಜನಕ್ಕೆ ಫಲ ಕೊಟ್ಟಿತು.

ನಮ್ಮ ಮನೆಯಲ್ಲಿ ಸದ್ಯಕ್ಕಿರುವುದು ಒಂದು ಹಳೆಯ ನೋಟ್‌ಬುಕ್. ಬೆಳಗಿನ ಬಿಗಿತ ಎಷ್ಟು ನಿಮಿಷ, ಕೈ ವ್ಯಾಯಾಮ ಆಯಿತಾ, ಹೊಸದಾಗಿ ಏನು ತಿಂದೆ, ಹಾಲಿನ ಪ್ಯಾಕೆಟ್ ಯಾರು ಕತ್ತರಿಸಿದರು. ಅಮ್ಮ ತಾನೇ ಬರೆಯುತ್ತಾಳೆ. ಜನವರಿಯಲ್ಲಿ 120 ನಿಮಿಷ ಇದ್ದದ್ದು ಈಗ 40ಕ್ಕೆ ಬಂದಿದೆ. ಕೊರೆತದ ಖಾತೆಗೆ ಮಾತ್ರ ಇನ್ನೂ ಏನೂ ಬರೆದಿಲ್ಲ, ಮುಂದಿನ ತಿಂಗಳು ಎಕ್ಸ್‌ರೇ ಇದೆ.