ಪದ ಪರಿಚಯ: ಧಾನ್ಯರಹಿತ, ನಟ್ಸ್‌ರಹಿತ ಹಿಟ್ಟು

ಕುಕ್ಕಿ ‘ಧಾನ್ಯರಹಿತ’ ಎಂದರೆ ಅದರಲ್ಲಿ ಗೋಧಿಯಷ್ಟೇ ಅಲ್ಲ, ಅಕ್ಕಿ, ಮೆಕ್ಕೆಜೋಳ, ಓಟ್ಸ್, ಬಾರ್ಲಿ ಮುಂತಾಗಿ ಹುಲ್ಲಿನ ಕುಟುಂಬಕ್ಕೆ ಸೇರಿದ ಯಾವ ಗಿಡದ ಕಾಳೂ ಇಲ್ಲ ಎಂದರ್ಥ. ಇದನ್ನು ‘ಗ್ಲುಟನ್‌ರಹಿತ’ ಎಂಬ ಪದದೊಂದಿಗೆ ಬೆರೆಸಬಾರದು. ಗ್ಲುಟನ್ ಎಂದರೆ ಗೋಧಿ, ಬಾರ್ಲಿಯಂಥ ಕೆಲವು ಧಾನ್ಯಗಳಲ್ಲಿರುವ, ಕಣಕಕ್ಕೆ ಹಿಡಿತ ಕೊಡುವ ಅಂಟು ಪ್ರೋಟೀನು. ಅಕ್ಕಿಹಿಟ್ಟಿನಲ್ಲಿ ಗ್ಲುಟನ್ ಇಲ್ಲ, ಆದರೆ ಅಕ್ಕಿ ಧಾನ್ಯವೇ. ಧಾನ್ಯ ಬಿಟ್ಟವರು ಬೇಕಿಂಗ್‌ಗೆ ಹೆಚ್ಚಾಗಿ ಬಾದಾಮಿ ಹಿಟ್ಟನ್ನು ಬಳಸುತ್ತಾರೆ. ಬಾದಾಮಿಯೂ ಮೈಗೆ ಒಗ್ಗದವರಿಗೆ ಬೇಕಾಗುವುದೇ ನಟ್ಸ್‌ರಹಿತ ಬದಲಿ ಹಿಟ್ಟು.

‘ನಟ್ಸ್’ ಎಂಬುದನ್ನು ಕನ್ನಡಕ್ಕೆ ತರುವಾಗ ಎಚ್ಚರ ಬೇಕು. ಗೋಡಂಬಿಯನ್ನೂ ನಾವು ಬೀಜವೆನ್ನುತ್ತೇವೆ, ಸೂರ್ಯಕಾಂತಿಯದನ್ನೂ ಬೀಜವೆನ್ನುತ್ತೇವೆ. ಹೀಗಾಗಿ ‘ಬೀಜರಹಿತ’ ಎಂದು ಬರೆದರೆ, ಇಲ್ಲಿ ನೆರವಿಗೆ ಬರಬೇಕಾದ ಸೂರ್ಯಕಾಂತಿ ಮತ್ತು ಕುಂಬಳದ ಬೀಜಗಳೇ ಹೊರಗುಳಿಯುತ್ತವೆ. ಆದ್ದರಿಂದ ‘ನಟ್ಸ್’ ಎಂಬ ಪದವನ್ನೇ ಉಳಿಸಿಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ. ಆ ಪದವೂ ದಾರಿ ತಪ್ಪಿಸುವುದುಂಟು: ಟೈಗರ್ ನಟ್ ಎಂಬುದು ನಟ್ ಅಲ್ಲ, ಜೇಕಿನ ಜಾತಿಯ ಸಸ್ಯವೊಂದರ ಪುಟ್ಟ ಗೆಡ್ಡೆ.

ಬಾದಾಮಿ ಹಿಟ್ಟಿಗೆ ಅತಿ ಹತ್ತಿರದ ಬದಲಿ ಸೂರ್ಯಕಾಂತಿ ಬೀಜದ ಹಿಟ್ಟು. ಎರಡರಲ್ಲೂ ತೂಕದ ಅರ್ಧದಷ್ಟು ಕೊಬ್ಬೇ ಇರುವುದರಿಂದ, ಒಂದು ಕಪ್ ಬಾದಾಮಿ ಹಿಟ್ಟಿನ ಜಾಗಕ್ಕೆ ಒಂದು ಕಪ್ ಇದನ್ನೇ ಹಾಕಬಹುದು. ಸಿಪ್ಪೆ ತೆಗೆದ, ಉಪ್ಪು ಹಾಕದ ಹಸಿ ಬೀಜಗಳನ್ನು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ಜರಡಿ ಹಿಡಿದರೆ ಹಿಟ್ಟು ಸಿದ್ಧವಾಗುತ್ತದೆ. ಒಂದೇ ಸಮನೆ ತಿರುಗಿಸಿದರೆ ಬಿಸಿಗೆ ಎಣ್ಣೆ ಬಿಟ್ಟು, ಹಿಟ್ಟಿನ ಬದಲು ಬೆಣ್ಣೆಯಂಥ ಮುದ್ದೆ ಕೈಗೆ ಬರುತ್ತದೆ.

ಈ ಹಿಟ್ಟಿನ ಕುಕ್ಕಿಗಳು ಒಲೆಯಿಂದ ಇಳಿಸಿದಾಗ ಹೊಂಬಣ್ಣಕ್ಕಿದ್ದು, ಆರಿದ ಕೆಲವು ಗಂಟೆಗಳ ನಂತರ ಮುರಿದು ನೋಡಿದರೆ ಒಳಗೆ ಪಾಚಿಹಸಿರಾಗಿರುವುದುಂಟು. ಮೊದಲ ಬಾರಿ ಕಂಡವರು ಬೂಸ್ಟು ಹಿಡಿಯಿತೆಂದು ಇಡೀ ತಟ್ಟೆಯನ್ನೇ ಚೆಲ್ಲುತ್ತಾರೆ. ಚೆಲ್ಲಬೇಕಾಗಿಲ್ಲ. ಬೀಜದಲ್ಲಿ ಸಹಜವಾಗಿಯೇ ಇರುವ ಕ್ಲೋರೋಜೆನಿಕ್ ಆಮ್ಲವು ಅಡುಗೆ ಸೋಡಾದ ಕ್ಷಾರದಲ್ಲಿ ಗಾಳಿಯ ಆಮ್ಲಜನಕ ಹಾಗೂ ಪ್ರೋಟೀನಿನೊಂದಿಗೆ ವರ್ತಿಸಿ ಈ ಬಣ್ಣ ತಳೆಯುತ್ತದೆ. ಇದರಿಂದ ಆರೋಗ್ಯಕ್ಕೆ ತೊಂದರೆಯಿಲ್ಲ. ಸೋಡಾ ಕಡಿಮೆ ಮಾಡಿ, ಹಿಟ್ಟು ಕಲಸುವಾಗ ಒಂದೆರಡು ಚಮಚ ನಿಂಬೆರಸ ಸೇರಿಸಿದರೆ ಹಸಿರು ಬಹುಮಟ್ಟಿಗೆ ತಗ್ಗುತ್ತದೆ.

ಗ್ಲುಟನ್ ಇಲ್ಲದ ಕಾರಣ ಕಣಕಕ್ಕೆ ಹಿಡಿತ ಕಡಿಮೆ. ಬ್ರೆಡ್ಡಿಗೆ ಅದು ದೊಡ್ಡ ಕೊರತೆಯಾದರೂ, ಉಬ್ಬುವುದಕ್ಕಿಂತ ಗರಿಯಾಗುವುದೇ ಮುಖ್ಯವಾದ ಕುಕ್ಕಿಗೆ ಒಂದು ಮೊಟ್ಟೆಯೋ ಒಂದಿಷ್ಟು ಮರಗೆಣಸಿನ ಪಿಷ್ಟವೋ ಸಾಕಾಗುತ್ತದೆ. ಬೀಜದ ಕೊಬ್ಬಿನ ಜೊತೆಗೆ ಬೆಣ್ಣೆಯೂ ಕರಗಿ ಕುಕ್ಕಿ ಹರಡದಂತೆ, ಉಂಡೆಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಬೇಯಿಸುವುದು ಒಳ್ಳೆಯದು.

ಕುಂಬಳಬೀಜದ ಹಿಟ್ಟೂ ಹೀಗೆಯೇ ಒದಗುತ್ತದೆ, ಆದರೆ ಅದರ ಬಣ್ಣ ಮೊದಲಿನಿಂದಲೂ ಹಸಿರು. ತೆಂಗಿನಕಾಯಿ ಹಿಟ್ಟನ್ನು ಮಾತ್ರ ಸಮ ಅಳತೆಯಲ್ಲಿ ಹಾಕಬಾರದು. ನಾರು ಹೆಚ್ಚಿರುವ ಅದು ತೇವವನ್ನು ವಿಪರೀತ ಹೀರುವುದರಿಂದ ಒಂದು ಕಪ್ಪಿನ ಜಾಗದಲ್ಲಿ ಕಾಲು ಕಪ್ಪಿನಿಂದ ಆರಂಭಿಸಬೇಕು.

ನಟ್ಸ್‌ರಹಿತ ಎಂದರೆ ಅಲರ್ಜಿರಹಿತ ಎಂದಲ್ಲ. ಸೂರ್ಯಕಾಂತಿಯಾಗಲಿ ಎಳ್ಳಾಗಲಿ ಒಗ್ಗದವರೂ ಇದ್ದಾರೆ. ಬಾದಾಮಿ ಬೀಸುವ ಯಂತ್ರದಲ್ಲೇ ಬೇರೆ ಬೀಜವನ್ನೂ ಬೀಸಿದರೆ ಬಾದಾಮಿಯ ಅಂಶ ಹಿಟ್ಟಿಗೆ ಬೆರೆಯಬಹುದಾದ್ದರಿಂದ, ತೀವ್ರ ಅಲರ್ಜಿ ಇರುವವರಿಗಾಗಿ ಕೊಳ್ಳುವಾಗ ಪೊಟ್ಟಣದ ಮೇಲಿನ ಎಚ್ಚರಿಕೆಯ ಸಾಲನ್ನು ಓದಲೇಬೇಕು, ಮನೆಯಲ್ಲೇ ಬೀಸುವುದಾದರೆ ಮಿಕ್ಸಿಯ ಜಾರನ್ನೂ ಜರಡಿಯನ್ನೂ ಮೊದಲು ಚೆನ್ನಾಗಿ ತೊಳೆದಿರಬೇಕು.