ತಾತ್ಕಾಲಿಕ ರಸ್ತೆ ಗುತ್ತಿಗೆ: ಏನನ್ನು ಅಳೆದು ದುಡ್ಡು ಕೊಡುತ್ತೀರಿ?

ಹಳೆಯ ನಿರ್ವಹಣಾ ಗುತ್ತಿಗೆ ಮುಗಿದಿದೆ. ಹೊಸ ಟೆಂಡರ್ ಇನ್ನೂ ಅಂತಿಮವಾಗಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು, ಗುಂಡಿ ಬಿದ್ದವು, ದೂರುಗಳು ಬರತೊಡಗಿದವು. ಇಂಥ ಹೊತ್ತಿನಲ್ಲಿ ಸ್ಥಳೀಯ ಸಂಸ್ಥೆ ಎರಡು-ಮೂರು ತಿಂಗಳ ಮಟ್ಟಿಗೆ ತಾತ್ಕಾಲಿಕ ಗುತ್ತಿಗೆದಾರರನ್ನು ಗೊತ್ತು ಮಾಡುತ್ತದೆ. ‘ತಾತ್ಕಾಲಿಕ’ ಎಂದ ಕೂಡಲೇ ಅನುಮಾನಪಡುವವರು ಜಾಸ್ತಿ. ರಸ್ತೆ ನಿರ್ವಹಣೆಯಲ್ಲೇ ಕೆಲಸ ಮಾಡುತ್ತಾ ಬಂದ ನನಗೆ ಅದು ತಪ್ಪು ಅನಿಸುವುದಿಲ್ಲ. ಟೆಂಡರ್ ಮುಗಿಯಲಿ ಅಂತ ಸುಮ್ನೆ ಕೂತರೆ ರಸ್ತೆ ಅಷ್ಟು ದಿನ ತಡೆಯುವುದಿಲ್ಲ. ಬಿರುಕಿನಲ್ಲಿ ನೀರು ಇಳಿದು ಕೆಳಗಿನ ಜಲ್ಲಿ ಪದರ ಮೆತ್ತಗಾಗುತ್ತದೆ. ಮೇಲೆ ಹಾದುಹೋಗುವ ಒಂದೊಂದು ಚಕ್ರವೂ ಆ ನೀರನ್ನು ಒತ್ತಿ, ಅದರ ಜೊತೆ ಸಣ್ಣ ಪುಡಿಯನ್ನೂ ಹೊರಗೆ ಚಿಮ್ಮಿಸುತ್ತದೆ. ತಳ ಹೀಗೆ ಟೊಳ್ಳಾದ ಮೇಲೆ ಡಾಂಬರು ಕುಸಿಯಲು ಹೆಚ್ಚು ದಿನ ಬೇಕಿಲ್ಲ.

ಹಾಗಾಗಿ ಯಾರನ್ನಾದರೂ ಬೇಗ ಗೊತ್ತು ಮಾಡಲೇಬೇಕು. ಆದರೆ ಇಂಥ ಕಾರ್ಯಾದೇಶ ಕೈಗೆ ಬಂದಾಗ ನಾನು ದರವನ್ನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಕೆಲಸವನ್ನು ಯಾವ ಲೆಕ್ಕದಲ್ಲಿ ಅಳೆಯುತ್ತಾರೆ ಎಂಬುದನ್ನು. ಕೆಲಸದ ಹಣೆಬರಹ ತೀರ್ಮಾನವಾಗುವುದು ಅಲ್ಲೇ.

ಗುಂಡಿಗೆ ಇಷ್ಟು ಅಂತ ದರ ಇಟ್ಟರೆ, ಸಣ್ಣ ಗುಂಡಿಗಳು ಬೇಗ ಮುಚ್ಚಿಹೋಗುತ್ತವೆ, ದೊಡ್ಡವು ಹಾಗೇ ಉಳಿಯುತ್ತವೆ. ಅಕ್ಕಪಕ್ಕದ ಮೂರು ಗುಂಡಿ ಸೇರಿ ಒಂದಾಗಿದ್ದರೂ ಬಿಲ್‌ನಲ್ಲಿ ಮೂರೇ ಆಗಿರುತ್ತವೆ. ಟನ್ ಲೆಕ್ಕದಲ್ಲಿ ಕೊಟ್ಟರೆ ಅಂಚು ಕತ್ತರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಡಾಂಬರು ಮಾಲು ಸುರಿದಷ್ಟೂ ದುಡ್ಡು ತಾನೇ? ರಸ್ತೆ ತುಂಬಾ ಉಬ್ಬುಗಳಾಗುತ್ತವೆ. ದಿನಗೂಲಿ ಲೆಕ್ಕವಾದರೆ ದಿನ ಹೋಗುತ್ತದೆ, ಕೆಲಸ ಸಾಗುವುದಿಲ್ಲ. ಗುತ್ತಿಗೆದಾರರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಯಾವುದಕ್ಕೆ ದುಡ್ಡು ಸಿಗುತ್ತದೋ ಅದನ್ನೇ ಅವರು ಮಾಡುತ್ತಾರೆ, ಅಷ್ಟೇ. ಲೆಕ್ಕ ಬರೆದವರು ನಾವು.

ಗುಂಡಿ ಮುಚ್ಚುವ ಕೆಲಸಕ್ಕೆ ನಾನು ಒಪ್ಪುವ ಲೆಕ್ಕ ಚದರ ಮೀಟರ್, ಅದರ ಜೊತೆಗೆ ಆಳ. ಅಳೆಯುವ ಹೊತ್ತೂ ಮುಖ್ಯ. ಮೊದಲು ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ ಗೆರೆ ಹಾಕಿ ಕತ್ತರಿಸಬೇಕು. ಅಂಚು ನೆಟ್ಟಗೆ ಗೋಡೆಯ ಹಾಗೆ ಇಳಿದಿರಬೇಕು. ಒಳಗಿನ ಸಡಿಲ ಜಲ್ಲಿ, ಕೆಸರು, ನೀರು ಎಲ್ಲ ತೆಗೆಯಬೇಕು. ಟೇಪ್ ಹಿಡಿಯಬೇಕಾದ್ದು ಆಗ. ಉದ್ದ, ಅಗಲ, ಮೂರು ಕಡೆ ಆಳ ಬರೆದುಕೊಂಡು ಅಲ್ಲೇ ಎಂಜಿನಿಯರ್, ಗುತ್ತಿಗೆದಾರ ಇಬ್ಬರೂ ಸಹಿ ಹಾಕಬೇಕು. ಒಂದು ಫೋಟೊ ಇರಲಿ. ಆ ಕೆಲವು ನಿಮಿಷ ತಪ್ಪಿತು ಅಂದರೆ ಮುಗಿಯಿತು. ಮಾಲು ತುಂಬಿ ರೋಲರ್ ಓಡಿಸಿದ ಮೇಲೆ ಒಳಗೆ ಎಷ್ಟು ಆಳವಿತ್ತು, ಕೆಸರು ತೆಗೆದಿದ್ದರೋ ಇಲ್ಲವೋ, ಯಾರಿಗೂ ಗೊತ್ತಾಗುವುದಿಲ್ಲ.

ಅಳತೆ ಹೀಗಿದ್ದರೆ ಲೆಕ್ಕವನ್ನು ಇನ್ನೊಂದು ದಾರಿಯಲ್ಲೂ ತಾಳೆ ನೋಡಬಹುದು. ಚೆನ್ನಾಗಿ ಕುಳಿತ ಬಿಸಿ ಡಾಂಬರು ಮಿಶ್ರಣ ಒಂದು ಘನ ಮೀಟರಿಗೆ ಸುಮಾರು 2.3 ಟನ್ ತೂಗುತ್ತದೆ. 20 ಚದರ ಮೀಟರ್ ಜಾಗವನ್ನು 50 ಮಿಲಿಮೀಟರ್ ದಪ್ಪಕ್ಕೆ ತುಂಬಿದರೆ ಒಂದು ಘನ ಮೀಟರ್ ಆಯಿತು. ಅಂದರೆ ಆ ದಿನದ ತೂಕದ ಚೀಟಿಯಲ್ಲಿ ಆ ಕೆಲಸಕ್ಕೆ 2.3 ಟನ್ ಆಸುಪಾಸು ಕಾಣಬೇಕು. ಒಂದೇ ಟನ್ ಬಂದಿದ್ದರೆ ಆಳ ಸುಳ್ಳು, ಇಲ್ಲವೇ ರೋಲರ್ ಸರಿಯಾಗಿ ಓಡಿಲ್ಲ. ಇದಕ್ಕೆ ಪ್ರಯೋಗಾಲಯ ಬೇಡ, ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. ಲೆಕ್ಕ ತಾಳೆಯಾಗದ ದಿನ ಕಾರಣ ಕೇಳಿ ಬರೆದುಕೊಳ್ಳುವುದು ಕಿರಿಯ ಎಂಜಿನಿಯರ್‌ಗಳ ಅಭ್ಯಾಸವಾಗಬೇಕು.

ಮಾಲು ಹಾಕುವ ಮೊದಲು ಇನ್ನೂ ಎರಡು ವಿಷಯ ಕಣ್ಣಿಟ್ಟು ನೋಡಿ. ಒಂದು ಟ್ಯಾಕ್ ಕೋಟ್, ಅಂದರೆ ಹೊಸ ಮಾಲು ಹಳೆಯದಕ್ಕೆ ಅಂಟಲು ಬಳಿಯುವ ತೆಳು ಪದರ. ಗುಂಡಿಯ ತಳಕ್ಕೂ ಅಂಚಿಗೂ ಬಳಿಯುವ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಮೊದಲು ಕಂದು ಬಣ್ಣದಲ್ಲಿರುತ್ತದೆ, ನೀರು ಬಿಟ್ಟುಕೊಂಡ ಮೇಲೆ ಕಪ್ಪಗಾಗುತ್ತದೆ. ಕಂದು ಬಣ್ಣ ಇರುವಾಗಲೇ ಮಿಶ್ರಣ ಸುರಿದರೆ ಹೊಸದು ಹಳೆಯದಕ್ಕೆ ಅಂಟುವುದಿಲ್ಲ. ಕಪ್ಪಾಗುವವರೆಗೆ ಕಾಯಲೇಬೇಕು. ಇನ್ನೊಂದು ಬಿಸಿ. ಬಿಸಿ ಮಿಶ್ರಣವನ್ನು ಸಾಮಾನ್ಯವಾಗಿ 150ರಿಂದ 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಸುತ್ತಾರೆ. ಅದು 90 ಡಿಗ್ರಿಗೆ ಇಳಿಯುವಷ್ಟರಲ್ಲಿ ರೋಲರ್ ಕೆಲಸ ಮುಗಿದಿರಬೇಕು. ತಾತ್ಕಾಲಿಕ ಗುತ್ತಿಗೆದಾರರ ಬಳಿ ಹೆಚ್ಚಾಗಿ ಮಿಶ್ರಣ ಕಲಸುವ ಸ್ವಂತ ಪ್ಲಾಂಟ್ ಇರುವುದಿಲ್ಲ, ದೂರದಿಂದ ತರಿಸುತ್ತಾರೆ. ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಬಂದ ಮೇಲೂ ಒಂದೊಂದೇ ಗುಂಡಿಗೆ ನಿಂತು ನಿಂತು ಹೋಗುವಷ್ಟರಲ್ಲಿ ಕೊನೆಯ ಗುಂಡಿಗೆ ತಣ್ಣನೆಯ ಮಾಲು ಬೀಳುತ್ತದೆ. ಆದ್ದರಿಂದ ಗೊತ್ತು ಮಾಡುವ ಮೊದಲೇ ಪ್ಲಾಂಟ್ ಎಷ್ಟು ದೂರ, ಲಾರಿಗೆ ಟಾರ್ಪಾಲ್ ಇದೆಯಾ, ಉದ್ದ ಕಡ್ಡಿಯ ಥರ್ಮಾಮೀಟರ್ ಇದೆಯಾ ಅಂತ ಕೇಳಬೇಕು. ಅತಿ ಕಡಿಮೆ ದರ ಕೂಗಿದವರ ಪ್ಲಾಂಟ್ ಎರಡು ಗಂಟೆ ದೂರದಲ್ಲಿದ್ದರೆ ಆ ದರಕ್ಕೆ ಅರ್ಥವಿಲ್ಲ.

ಮಳೆ ಸುರಿಯುತ್ತಿರುವಾಗ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಕತ್ತರಿಸಿ, ಒಣಗಿಸಿ ಮಾಡುವ ವಿಧಾನ ಆಗ ಆಗದ ಮಾತು. ಆದರೂ ಮಳೆಯಲ್ಲಿ ಹಾಕಿದ್ದೆಲ್ಲ ದಂಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1991ರ ಸುಮಾರಿಗೆ ಅಮೆರಿಕ ಮತ್ತು ಕೆನಡಾದ ಎಂಟು ಕಡೆ ಗುಂಡಿ ಮುಚ್ಚುವ ವಿಧಾನಗಳನ್ನು ಪಕ್ಕಪಕ್ಕದಲ್ಲೇ ಹಾಕಿ, ವರ್ಷಗಟ್ಟಲೆ ಗಮನಿಸಿ ನೋಡಿದರು. ಒಳ್ಳೆಯ ಕೋಲ್ಡ್ ಮಿಕ್ಸ್ (ಬಿಸಿ ಮಾಡದೆ ಹಾಕುವ ಡಾಂಬರು ಮಿಶ್ರಣ) ಸುರಿದು ಲಾರಿಯ ಚಕ್ರವನ್ನೇ ಹಾಯಿಸಿ ಕೂರಿಸುವ ಸರಳ ವಿಧಾನವೂ ಹೆಚ್ಚಿನ ಕಡೆ ಕತ್ತರಿಸಿ ಮಾಡಿದ ತೇಪೆಯಷ್ಟೇ ತಡೆಯಿತು. ಬಾಳಿಕೆಯಲ್ಲಿ ದೊಡ್ಡ ವ್ಯತ್ಯಾಸ ತಂದದ್ದು ಮಾಲಿನ ಗುಣಮಟ್ಟ. ಆದ್ದರಿಂದ ಮಳೆಯ ದಿನಗಳಿಗೆ ಗುತ್ತಿಗೆಯಲ್ಲಿ ಬೇರೆಯೇ ಒಂದು ಬಾಬತ್ತು ಇರಲಿ: ಚೀಲದಲ್ಲಿ ಬರುವ ಒಳ್ಳೆಯ ಕೋಲ್ಡ್ ಮಿಕ್ಸ್, ಸರಳ ವಿಧಾನ, ಕಡಿಮೆ ಖಾತರಿ ಅವಧಿ. ಮಳೆ ನಿಂತ ಮೇಲಿನ ಪಕ್ಕಾ ಕೆಲಸಕ್ಕೆ ಇನ್ನೊಂದು ಬಾಬತ್ತು. ಎರಡನ್ನೂ ಒಂದೇ ದರದಲ್ಲಿ ಬೆರೆಸಿದರೆ ಮಳೆಯಲ್ಲಿ ಮಾಡಿದ ಕೆಲಸಕ್ಕೆ ಪಕ್ಕಾ ಕೆಲಸದ ಬಿಲ್ ಬರುತ್ತದೆ. ಗುಂಡಿಗೆ ಮಣ್ಣೋ ಕಟ್ಟಡದ ಅವಶೇಷವೋ ತುಂಬುವುದನ್ನು ಮಾತ್ರ ಯಾವ ಬಾಬತ್ತಿನಲ್ಲೂ ಒಪ್ಪಬೇಡಿ. ಅದು ನೀರು ಕುಡಿದು ಇನ್ನಷ್ಟು ಹಾಳು ಮಾಡುತ್ತದೆ, ಬೈಕ್ ಸವಾರರನ್ನು ಬೀಳಿಸುತ್ತದೆ.

ಯಾವ ರಸ್ತೆಯಿಂದ ಶುರು ಮಾಡಬೇಕು ಎಂಬುದನ್ನು ಗುತ್ತಿಗೆದಾರರಿಗೆ ಬಿಡಬಾರದು, ಜೋರಾಗಿ ದೂರು ಕೊಡುವವರಿಗೂ ಬಿಡಬಾರದು. ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ‘ಆಶೋ’ (ಅಲ್ಲಿನ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ) ರಸ್ತೆ ಪರೀಕ್ಷೆಯಿಂದ ತಿಳಿದ ಒಂದು ಮಾತನ್ನು ಪ್ರತಿ ರಸ್ತೆ ಎಂಜಿನಿಯರ್ ಓದಿರುತ್ತಾರೆ: ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು. ಬಸ್ಸು, ಲಾರಿ ಓಡಾಡುವ ರಸ್ತೆಯ ಸಣ್ಣ ಬಿರುಕು ಕಾರು ಮಾತ್ರ ಓಡಾಡುವ ಬೀದಿಯ ದೊಡ್ಡ ಗುಂಡಿಗಿಂತ ತುರ್ತಾಗಿರಬಹುದು. ಪಟ್ಟಿ ಮಾಡುವಾಗ ಇದು ನೆನಪಿರಲಿ. ಆ ಪಟ್ಟಿಯಲ್ಲಿ ಚರಂಡಿಯೂ ಇರಲಿ ಅಂತ ನಾನು ಹಟ ಹಿಡಿಯುತ್ತೇನೆ. ಪಕ್ಕದ ಚರಂಡಿ ಕಟ್ಟಿಕೊಂಡು ನೀರು ರಸ್ತೆಯ ಮೇಲೇ ನಿಂತಿದ್ದರೆ, ಎಷ್ಟು ಚೆನ್ನಾಗಿ ಮುಚ್ಚಿದರೂ ಗುಂಡಿ ಅದೇ ಜಾಗದಲ್ಲಿ ಮತ್ತೆ ಬೀಳುತ್ತದೆ. ಗುಂಡಿ ಒಬ್ಬರಿಗೆ, ಚರಂಡಿ ಇನ್ನೊಬ್ಬರಿಗೆ ಕೊಟ್ಟರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಆ ಹತ್ತು-ಇಪ್ಪತ್ತು ಮೀಟರ್ ಚರಂಡಿ ಬಿಡಿಸುವ ಕೆಲಸವೂ ಇದೇ ಗುತ್ತಿಗೆಯಲ್ಲಿ ಬರಲಿ.

ಇನ್ನು ಹೊಣೆ. “ನಾನಿರೋದೇ ಎರಡು ತಿಂಗಳು, ವರ್ಷದ ಖಾತರಿ ಹೇಗೆ ಕೊಡಲಿ ಸಾರ್?” ಅಂತ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ತಳವೇ ಕುಸಿದಿರುವ ರಸ್ತೆಗೆ ಅವರಿಂದ ಖಾತರಿ ಕೇಳುವುದು ತಪ್ಪು. ಆದರೆ ಅವರೇ ಕತ್ತರಿಸಿ ತುಂಬಿದ ಚೌಕಕ್ಕೆ ಅವರೇ ಹೊಣೆ. ಅದಕ್ಕಾಗಿ ಬಿಲ್‌ನ ಒಂದು ಪಾಲನ್ನು ಠೇವಣಿಯಾಗಿ ಹಿಡಿದಿಟ್ಟು, ಒಂದು ಮಳೆಗಾಲ ಕಳೆದ ಮೇಲೆ ಜಾಗ ನೋಡಿ ಬಿಡಬೇಕು. ಗುತ್ತಿಗೆ ಮುಗಿದರೂ ಠೇವಣಿ ಉಳಿದಿರುತ್ತದೆ. ಉಳಿದ ಬಿಲ್ಲನ್ನು ಮಾತ್ರ ತಡಮಾಡದೆ ಕೊಡಿ. ಸಣ್ಣ ಗುತ್ತಿಗೆದಾರರು ಕೂಲಿಯವರಿಗೆ ವಾರಕ್ಕೊಮ್ಮೆ ದುಡ್ಡು ಕೊಡಬೇಕು. ಬಿಲ್ ತಿಂಗಳುಗಟ್ಟಲೆ ಕೂತರೆ ಒಳ್ಳೆಯವರು ಮುಂದಿನ ಸಲ ಬರುವುದೇ ಇಲ್ಲ.

ಆ ಕೂಲಿಯವರ ಬಗ್ಗೆಯೂ ಗುತ್ತಿಗೆಯಲ್ಲಿ ಬರೆಯಬೇಕು. ಓಡುವ ವಾಹನಗಳ ನಡುವೆ ಬಗ್ಗಿ ಕೆಲಸ ಮಾಡುವವರು ಅವರು. ಕೋನ್, ಮಿನುಗುವ ಜಾಕೆಟ್, ಬಿಸಿ ಮಾಲಿಗೆ ತಕ್ಕ ಬೂಟು-ಗ್ಲೌಸು, ವಿಮೆ, ವಾಹನ ತಡೆದು ಬಿಡಲು ಒಬ್ಬ ಮನುಷ್ಯ. ಇವುಗಳಿಗೆ ಬೇರೆ ಬಾಬತ್ತು ಹಾಕಿ ದುಡ್ಡು ಕೊಡಿ. ‘ದರದಲ್ಲೇ ಸೇರಿದೆ’ ಅಂತ ಬರೆದರೆ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಕೊನೆಯದಾಗಿ ದಿನಾಂಕ. ತುರ್ತು ಅಂತ ಟೆಂಡರ್ ಇಲ್ಲದೆ ಕೊಟ್ಟ ಕೆಲಸಕ್ಕೆ ಮುಗಿಯುವ ದಿನ ಮೊದಲೇ ಬರೆದಿರಬೇಕು. ವಿಸ್ತರಿಸುವುದಾದರೆ ಸಭೆಯಲ್ಲಿ ಕಾರಣ ದಾಖಲಾಗಬೇಕು. ದೊಡ್ಡ ಕೆಲಸವನ್ನು ಟೆಂಡರ್ ಮಿತಿಗಿಂತ ಕೆಳಗೆ ಬರುವ ಹಾಗೆ ತುಂಡು ತುಂಡು ಮಾಡಿ ಹಂಚುವುದು ಶುರುವಾಗುವುದು ಈ ದಿನಾಂಕ ಇಲ್ಲದ ಕಡೆಯೇ. ಮಳೆಗಾಲ ವರ್ಷವೂ ಬರುತ್ತದೆ ಅಲ್ವಾ? ಅದಕ್ಕೆ ಎರಡು-ಮೂರು ತಿಂಗಳು ಮೊದಲೇ ದರ ಕರೆದು, ನಾಲ್ಕೈದು ಮಂದಿಯನ್ನು ಪಟ್ಟಿ ಮಾಡಿ, ಅಳತೆಯ ಲೆಕ್ಕ ಗೊತ್ತು ಮಾಡಿಟ್ಟುಕೊಂಡರೆ ಬೇಕಾದ ದಿನ ಕಾರ್ಯಾದೇಶ ಕೊಟ್ಟರಾಯಿತು. ಹೊಸ ಗುತ್ತಿಗೆದಾರರು ಬಂದ ದಿನ, ತಾತ್ಕಾಲಿಕದವರು ಸಹಿ ಮಾಡಿದ ಅಳತೆಗಳು, ಫೋಟೊಗಳು, ಯಾವ ಚೌಕದ ಠೇವಣಿ ಯಾವಾಗ ಬಿಡಬೇಕು ಎಂಬ ಪಟ್ಟಿ ಅವರ ಕೈಸೇರಲಿ. ಹಾಗಾದರೆ ಒಂದು ತೇಪೆ ಕಿತ್ತುಬಂದಾಗ ಯಾರನ್ನು ಕರೆಯಬೇಕು ಅಂತ ಹುಡುಕಬೇಕಾಗಿಲ್ಲ.